ಗುಡ್ಡದಜ್ಜನ ಮೊದಲ ಮಾತು

ಊರು ಬಿಟ್ಟು ಬಂದವನಿಗೆ ಗುಡ್ಡ ಜಾಗ ಇಲ್ಲವೆನ್ನುವುದಿಲ್ಲ. ಅವನನ್ನು ಬಿಡಲಾರದ್ದು ಊರೇ. ಅಬ್ದುಲಗನಿ ಎಂಬವನಿಗೆ ಇದು ತಿಳಿಯುವ ಹೊತ್ತಿಗೆ ಎರಡು ಮಳೆಗಾಲ ಕಳೆದಿದ್ದವು.

ರಾಣೆಬೆನ್ನೂರಿನ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಅವನು ಸವಾಲು ಕೂಗುವವನಾಗಿದ್ದ. ಬೆಳಕು ಹರಿಯುವ ಮೊದಲೇ ಸುತ್ತಲಿನ ಹಳ್ಳಿಗಳಿಂದ ಬದನೆ, ಹೀರೆ, ಟೊಮ್ಯಾಟೊ ಬಂದು ರಾಶಿ ಬೀಳುತ್ತಿದ್ದವು. ಮುರುಕು ಪೆಟ್ಟಿಗೆಯೊಂದರ ಮೇಲೆ ನಿಂತು ಅವನು ಒಂದೊಂದೇ ರಾಶಿಗೆ ದರ ಏರಿಸಿ ಕೂಗುತ್ತಿದ್ದ. ಆ ದನಿ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆ ಎಂದು ಮಂದಿ ಹೇಳುತ್ತಿದ್ದರು. ಮನೆಗೆ ಬಂದರೂ ಅದೇ ಗಂಟಲು. "ಒಂದೀಟು ಸುಮ್ನ ಕುಂಡ್ರೂದ ಕಲೀರಿ. ನಾ ಏನ್ ಬದನಿಕಾಯಿ ರಾಶಿಯೇನ್ರಿ?" ಎಂದು ಹೆಂಡತಿ ಜೈತೂನಬಿ ನಗುತ್ತಿದ್ದಳು.

ಜೈತೂನಬಿ ತೀರಿಕೊಂಡಳು. ನಲವತ್ತು ದಿನ ಮನೆ ತುಂಬ ಮಂದಿ. ಬಂದವರೆಲ್ಲ ಒಳ್ಳೆಯವರೇ, ಬಂದವರೆಲ್ಲ ಸಬೂರಿಯ ಮಾತು ಹೇಳಿದವರೇ. ನಲವತ್ತರ ಫಾತಿಹಾ ಮುಗಿದ ಮರುದಿನ ಅವನು ಮಾರ್ಕೆಟ್ಟಿಗೆ ಹೋಗಿ ಪೆಟ್ಟಿಗೆ ಹತ್ತಿ ಬಾಯಿ ತೆರೆದ. ದನಿ ಬಂತು. ಅದೇ ಏರು, ಅದೇ ಇಳಿತ, ಕೂದಲೆಳೆಯಷ್ಟೂ ಬದಲಿಲ್ಲ. ಮನೆಯಲ್ಲಿ ಅಷ್ಟು ದೊಡ್ಡದೊಂದು ಆಗಿ ಹೋದದ್ದು ಈ ಗಂಟಲಿಗೆ ಗೊತ್ತೇ ಇಲ್ಲವಲ್ಲ ಎಂದು ಅವನಿಗೆ ಹೆದರಿಕೆಯಾಯಿತು. ಸವಾಲು ಅರ್ಧಕ್ಕೇ ಬಿಟ್ಟು ಕೆಳಗಿಳಿದ. ಐರಣಿಯ ಬಸ್ಸು ನಿಂತಿತ್ತು, ಹತ್ತಿ ಕುಳಿತ.

ಐರಣಿಯಾಚೆ ತುಂಗಭದ್ರೆ ಬಾಗಿ ಹರಿಯುವಲ್ಲಿ ಒಂದು ಕಲ್ಲುಗುಡ್ಡ. ಜಾಲಿ, ಕಾರಿ, ಬಂದರಿಕೆಯ ಪೊದೆ ಬಿಟ್ಟರೆ ಅಲ್ಲಿ ಏನೂ ಬೆಳೆಯುವುದಿಲ್ಲ. ಎರಡು ಬಂಡೆಗಳ ನಡುವೆ ಮಳೆ ತಾಗದ ಗವಿಯಂಥ ಒಂದು ಸಂದು, ಪಕ್ಕದಲ್ಲಿ ಬೇಸಿಗೆಗೂ ಬತ್ತದ ಒಂದು ಒರತೆ. ಬಾಳಲು ಇಷ್ಟು ಸಾಕೆಂದು ಅವನು ಅಲ್ಲೇ ಉಳಿದ. ಹಾವೇರಿಯಲ್ಲಿದ್ದ ಮಗಳು ಆಯಿಶಾ ಬಂದು ಅತ್ತಳು, ಬೈದಳು, ಕಡೆಗೆ ಸೋತಳು. ಆಗಾಗ ಅವಳ ಗಂಡ ಫಿರೋಜ್ ಬಂದು ಹಿಟ್ಟು, ಎಣ್ಣೆ, ಕಡ್ಡಿಪೆಟ್ಟಿಗೆ ಗುಡ್ಡದ ಬುಡದಲ್ಲಿಟ್ಟು ಹೋಗುತ್ತಿದ್ದ. ಐದು ಹೊತ್ತು ಗನಿ ಒರತೆಯಲ್ಲಿ ಕೈಕಾಲು ತೊಳೆದು ಹಣೆಯನ್ನು ಕಲ್ಲಿಗೆ ಹಚ್ಚುತ್ತಿದ್ದ. ತುಟಿ ಮಾತ್ರ ಅಲುಗುತ್ತಿತ್ತು. ಇಷ್ಟು ದೊಡ್ಡ ಜಗತ್ತನ್ನು ಒಂದು ಸದ್ದೂ ಇಲ್ಲದೆ ನಡೆಸುವವನಿಗೆ ಕೂಗಿ ಹೇಳುವುದೇನಿದೆ?

ಮಾತು ಬಿಡುತ್ತೇನೆಂದು ಅವನು ಹರಕೆ ಹೊತ್ತಿರಲಿಲ್ಲ. ಮಾತಾಡುವ ಪ್ರಸಂಗ ಬರಲಿಲ್ಲ, ಅಷ್ಟೆ. ಆಮೇಲೆ ಅದೇ ರೂಢಿಯಾಯಿತು. ಒಂದು ದಿನ ಎಮ್ಮೆ ಕಳೆದುಕೊಂಡ ರೈತನೊಬ್ಬ ಹುಡುಕುತ್ತ ಬಂದು, "ಯಜಮಾನ್ರ, ನಮ್ಮ ಎಮ್ಮಿ ಕಂಡೀರೇನ್ರಿ?" ಎಂದು ಕೇಳಿದ. ಬಂದ ದಾರಿಗೆ ಸುಂಕವಿಲ್ಲ, ಹೊರಡು ಎಂಬಂತೆ ಗನಿ ಹೊಳೆಯ ಕಡೆ ಕೈ ಬೀಸಿದ. ಎಮ್ಮೆ ಹೊಳೆಯಲ್ಲೇ ಮೂಗಷ್ಟೇ ಹೊರಗಿಟ್ಟು ಬಿದ್ದುಕೊಂಡಿತ್ತು. ಎಮ್ಮೆ ಹೊಳೆಯಲ್ಲಿರದೆ ಮತ್ತೆಲ್ಲಿರುತ್ತದೆ? ಆದರೆ ಅಂದಿನಿಂದ ಅವನು ಗುಡ್ಡದಜ್ಜನಾದ.

ಬೀಸಿದ ಕೈಗೆ, ಕೆಮ್ಮಿದ ಕೆಮ್ಮಿಗೆ, ತಿರುಗಿಸಿದ ಬೆನ್ನಿಗೆ ಎಲ್ಲಕ್ಕೂ ಅರ್ಥ ಹುಟ್ಟಿತು. ಇವರು ಹಿಂದೂಗಳ ಅಜ್ಜನೋ ಸಾಬರ ಅಜ್ಜನೋ ಎಂದು ಯಾರೂ ಕೇಳಲಿಲ್ಲ. ಕಾಯಿ ತಂದವರು ಕಾಯಿ ಇಟ್ಟರು, ಸಕ್ಕರೆ ತಂದವರು ಸಕ್ಕರೆ ಇಟ್ಟರು. ನೀವು ತಪ್ಪು ತಿಳಿದಿದ್ದೀರಿ ಎನ್ನಲು ಬಾಯಿ ತೆರೆಯಬೇಕಿತ್ತು. ಬಾಯಿ ತೆರೆದರೆ ಮತ್ತೆ ಊರೇ ಗುಡ್ಡ ಹತ್ತಿ ಬಂದಂತೆ. ಒಮ್ಮೆ ಒಬ್ಬ ಹೆಣ್ಣುಮಗಳು ಗಂಡನ ಎದೆನೋವಿಗೆ ಏನು ಮಾಡಲಿ ಎಂದು ಕೇಳಿದಳು. ಅವನು ಕಣ್ಣು ಮುಚ್ಚಿ ಕುಳಿತ. ಅಜ್ಜಾರು ಅಭಯ ಕೊಟ್ಟರೆಂದು ಆಕೆ ಸಮಾಧಾನದಿಂದ ಇಳಿದು ಹೋದಳು, ಮತ್ತೆ ಬರಲಿಲ್ಲ. ದವಾಖಾನೆಗೆ ಹೋಗು ಎನ್ನಬಹುದಿತ್ತಲ್ಲ ಎಂದು ಆ ಬೆನ್ನು ಬಹಳ ದಿನ ಅವನ ಕಣ್ಣಿಗೆ ಕಟ್ಟಿದಂತಿತ್ತು. ಸುಮ್ಮನಿರುವುದೂ ಒಂದು ಮಾತೇ. ಅದರ ಅರ್ಥ ಮಾತ್ರ ನಮ್ಮ ಕೈಯಲ್ಲಿ ಇರುವುದಿಲ್ಲ.

ಗುಡ್ಡದ ಬುಡದಲ್ಲಿ ಸಿದ್ದವ್ವನ ಹೊಲ. ಗೋವಿನಜೋಳ ಮುರಿಯುವ ದಿನಗಳು. ಅಂದು ಬಿಸಿಲು ಇನ್ನೂ ಎಳೆಯದಾಗಿರುವಾಗಲೇ ಕೆಳಗಿನಿಂದ ಒಂದು ಚೀರು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕಾಲುದಾರಿಯಲ್ಲಿ ಕಲ್ಲುರುಳುವ ಸದ್ದು. ಮುಂದೆ ತಲೆಗೂದಲು ಬಿಚ್ಚಿಹೋದ ಸಿದ್ದವ್ವ. ಹಿಂದೆ ನಾಲ್ಕು ಮಂದಿ ಗಂಡಸರು ಕಂಬಳಿಯೊಂದರ ನಾಲ್ಕು ತುದಿ ಹಿಡಿದು ಏದುಸಿರು ಬಿಡುತ್ತ ಬಂದರು. ಕಂಬಳಿಯೊಳಗೆ ಸಿದ್ದವ್ವನ ಸೊಸೆ ಭುವನಾ.

"ಅಜ್ಜಾರ, ನನ್ನ ಸೊಸಿಗೆ ಹುಳ ಮುಟ್ಟೇತ್ರಿ," ಎಂದು ಸಿದ್ದವ್ವ ಅವನ ಕಾಲ ಬುಡಕ್ಕೆ ಕುಸಿದಳು. ಹಾವು ಕಚ್ಚಿದಾಗ ಅದರ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತಾರೆ. "ಜ್ವಾಳದ ದಂಟಿನ ಕಂಕಿ ರಾಶ್ಯಾಗ ಕಾಲ ಇಟ್ಲು. ಅಲ್ಲೇ ಸುರುಳಿ ಸುತ್ಕೊಂಡ ಕುಂತಿತ್ತು."

ಕಂಬಳಿಯನ್ನು ಅವನ ಮುಂದೆಯೇ ಇಳಿಸಿದರು. ಕಾಲು ಮೊಣಕಾಲವರೆಗೆ ಊದಿ ಹೊಳೆಯುತ್ತಿತ್ತು. ಮೇಲೆ ಸೀರೆಯಂಚು ಬಿಗಿದು ಕಟ್ಟಿದ್ದರು. ಭುವನಾಳ ಕಣ್ಣರೆಪ್ಪೆಗಳು ಜಗ್ಗುತ್ತಿದ್ದವು, ಆದರೂ ಅವಳು ಅವನನ್ನೇ ನೋಡುತ್ತಿದ್ದಳು. ಇದು ಕೊಳಕಮಂಡಲ ಹಾವೇ ಎಂದು ಗನಿಗೆ ಹೊಳೆಯಿತು. ಈ ಗುಡ್ಡದಲ್ಲಿ ಅದರ ಜೊತೆಗೇ ಎರಡು ವರ್ಷ ಬಾಳಿದವನು ಅವನು.

"ಮಾಂವಾ, ದವಾಖಾನಿ ಗಾಡಿ ಬರಾಕತ್ತೇತಿ. ಕೆಳಗ ಇರೋಣು ಅಂದ್ನಿ, ಕೇಳಲಿಲ್ಲ ನೀ," ಎಂದ ಅವಳ ಗಂಡ ಸುನೀಲಕುಮಾರ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಹೆಂಡತಿಯ ತಲೆಯ ಕೆಳಗೆ.

ಆ ಮಾವ ಸಿದ್ದವ್ವನ ಅಣ್ಣ ನಾಗಪ್ಪ, ಮನೆಯ ಹಿರಿಯ. ಕದರಮಂಡಲಗಿ ಹನುಮಪ್ಪನ ಕುಂಕುಮ ಹಣೆಯಿಂದ ಬೆವರಿಗೆ ಇಳಿಯುತ್ತಿತ್ತು. "ಗಾಡಿ ಬರೂತನಕ ಅಲ್ಲಿ ಕುಂತು ಏನ್ ಮಾಡ್ತಿದ್ದಿ? ದೊಡ್ಡವರ ಕಣ್ಣಿಗೆ ಬಿದ್ರ ಅರ್ಧ ಇಸಾ ಇಲ್ಲೇ ಇಳೀತೈತಿ. ಹುಡುಗಾಟ ಅಲ್ಲ, ಸುಮ್ನಿರು."

ಗನಿ ತಟ್ಟನೆ ಎದ್ದು ಕಾಲುದಾರಿಯತ್ತ ಕೈ ಚಾಚಿದ. ಇಳಿಯಿರಿ, ಕೆಳಗೆ ಒಯ್ಯಿರಿ ಎಂಬಂತೆ.

"ಹೊಳಿ ಕಡೆ ತೋರ್ಸಾಕತ್ತಾರ," ಎಂದ ನಾಗಪ್ಪ. "ಹೊಳಿ ನೀರು ಬೇಕಂತ. ಓಡ್ರಿ." ಕಂಬಳಿ ಹಿಡಿದು ಬಂದಿದ್ದ ನೆರೆಹೊಲದವನೊಬ್ಬ ಒಂದು ಬಾಟಲಿ ಕಿತ್ತುಕೊಂಡು ಹೊಳೆಯ ಕಡೆ ಓಡಿಯೇ ಬಿಟ್ಟ.

ಗನಿ ಎರಡೂ ಕೈ ಬೀಸಿದ. ಬೇಡ, ಬೇಡ. ತಲೆಯಲ್ಲಾಡಿಸಿದ. ನಾಗಪ್ಪ ಆ ಕೈಗಳನ್ನೇ ನೋಡುತ್ತ, "ಇಳಿಸಾಕತ್ತಾರ ನೋಡ್ರಿ, ಇಸಾ ಇಳಿಸಾಕತ್ತಾರ," ಎಂದು ಕೈಮುಗಿದ.

ಸುನೀಲಕುಮಾರನ ಫೋನು ರಿಂಗಾಯಿತು. "ಹಾಂ ಸರ್... ಹಾಂ, ಗುಡ್ಡದ ಬುಡಕ, ಬೇವಿನಮರ... ಬಂದ್ರೇನು? ಸರ್, ಒಂದ ನಿಮಿಷ ನಿಂದರ್ರಿ." ಅವನು ಮಾವನತ್ತ ತಿರುಗಿದ. "ಗಾಡಿ ಬಂದೈತಿ. ಪೇಷಂಟ್ ಎಲ್ಲಿ ಅಂತ ಕೇಳಾಕತ್ತಾರ. ಎತ್ರಿ ಲಗೂ."

"ಅಜ್ಜಾರ ಬಾಯಿಂದ ಹೂಂ ಬರಲಿ."

"ಅವರು ಮಾತಾಡಂಗಿಲ್ಲ ಮಾಂವಾ!"

"ಇವತ್ತ ಮಾತಾಡ್ತಾರ."

ಭುವನಾಳ ಒಸಡಿನಿಂದ ರಕ್ತ ಸಣ್ಣಗೆ ಜಿನುಗಿ ತುಟಿಯಂಚಿಗೆ ಬಂದಿತ್ತು. ಅದನ್ನು ಕಂಡದ್ದು ಗನಿಯೊಬ್ಬನೇ. ಅವನು ಅವಳ ಮುಂದೆ ಮೊಣಕಾಲೂರಿ ಬಾಯಿ ತೆರೆದ. ಗಾಳಿ ಬಂತು, ದನಿ ಬರಲಿಲ್ಲ. ಬಹಳ ದಿನ ನೀರು ಸೇದದ ಬಾವಿಯ ರಾಟೆಯಂತೆ ಗಂಟಲು ಕಿರ್ರೆಂದಿತು. ಯಾ ಅಲ್ಲಾ, ನೀನು ಕೊಟ್ಟ ದನಿಯನ್ನು ಇಟ್ಟಲ್ಲೇ ಇಟ್ಟಿದ್ದೇನೆ, ಒಂದು ಮಾತಿಗಾದರೂ ತೆರೆದುಕೊಡು. ಕಡೆಗೆ ಒಡೆದ ಮಡಕೆಯ ಸದ್ದಿನಂತೆ ಒಂದು ಮಾತು ಹೊರಬಿತ್ತು.

"ಹೋಗ್ರಿ."

ಅವನು ಹೇಳಿದ್ದು ಎಲ್ಲರಿಗೆ. ಆದರೆ ಕಣ್ಣು ಇದ್ದದ್ದು ಭುವನಾಳ ಮೇಲೆ. ಈ ಸೀಮೆಯಲ್ಲಿ ಅಂಗಡಿಗೆ ಉಪ್ಪು ತರಲು ಹೊರಟವನೂ ಹೋಗುತ್ತೇನೆ ಎನ್ನುವುದಿಲ್ಲ, ಬರತೇನಿ ಎನ್ನುತ್ತಾನೆ. ಕಳಿಸುವವರು ಹೋಗಿ ಬಾ ಎನ್ನುತ್ತಾರೆ. ಬರೀ ಹೋಗು ಎಂದರೆ ಅದು ಮರಳಿ ಬಾರದವರಿಗೆ ಹೇಳುವ ಮಾತು. ಅದರಲ್ಲೂ ಹಾಸಿಗೆ ಹಿಡಿದವರ ಮುಂದೆ ಆ ಮಾತನ್ನು ವೈರಿಯೂ ಆಡುವುದಿಲ್ಲ. ಎರಡು ವರ್ಷ ಮೌನದಲ್ಲಿದ್ದ ಅಜ್ಜನ ಬಾಯಿಂದ ಬಿದ್ದ ಮೊದಲ ಮಾತೇ ಅದು.

"ಯವ್ವಾ," ಎಂದಳು ಸಿದ್ದವ್ವ, ಬಹಳ ಮೆಲ್ಲಗೆ. "ಹೋಗಂದ್ರಲ್ಲೋ ನನ್ನ ಸೊಸೀನ."

ನಾಗಪ್ಪ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಸತ್ತ ಮನೆಯಲ್ಲಿ ಹಾಗೆ ಮಾಡುತ್ತಾರೆ. "ಮುಗೀತು. ಹಣ್ಯಾಗ ಬರದಷ್ಟ ಬಾಳಿದ್ಲು. ತಮ್ಮಾ ಸುನೀಲಾ, ಗಾಡಿ ಕಳ್ಸಿಬಿಡು. ಮನೀಗೆ ಒಯ್ಯೋಣು. ಪರವೂರ ದವಾಖಾನ್ಯಾಗ ಜೀವಾ ಹೋಗೂದು ಬ್ಯಾಡ, ನಮ್ಮ ಜಗಲಿ ಮ್ಯಾಲ ಹೋಗಲಿ."

"ದವಾಖಾನಿಗೆ..." ಎಂದ ಗನಿ. ಸಿದ್ದವ್ವನ ಅಳು ಅದನ್ನು ನುಂಗಿತು. "ದವಾಖಾನಿಗೆ ಹೋಗ್ರಿ ಅಂದ್ನಿ! ನಾ... ನಾ ಅಜ್ಜ ಅಲ್ಲ."

"ದೊಡ್ಡವ್ರು ಹಂಗ ಅಂತಾರ," ಎಂದ ನಾಗಪ್ಪ, ಕಣ್ಣೀರೊರೆಸಿಕೊಳ್ಳುತ್ತ. "ನಾವು ದುಃಖಾ ಪಡಬಾರ್ದು ಅಂತ ಮಾತ ಮರಸಾಕತ್ತಾರ."

"ನಾ ರಾಣೆಬೆನ್ನೂರಾವ. ಅಬ್ದುಲಗನಿ. ಕಾಯಿಪಲ್ಲೆ ಸವಾಲ ಕೂಗಾವ."

"ಪರೀಕ್ಷಾ ಮಾಡಾಕತ್ತೀರೇನ್ರಿ ಅಜ್ಜಾರ? ಪರೀಕ್ಷಾ ಮಾಡೂ ಹೊತ್ತಲ್ರಿ ಇದು," ಎಂದು ಸಿದ್ದವ್ವ ಅವನ ಪಾದಕ್ಕೆ ಹಣೆ ಬಡಿದಳು. "ಅಂದ ಮಾತ ಹಿಂದಕ್ಕ ತಗೋರಿ. ಒಂದ ಸಲ ಬಾ ಅನ್ರಿ ಆಕೀಗೆ."

ಬಾ ಎಂದುಬಿಡಲೇ? ನಾಲಿಗೆಯ ತುದಿಗೆ ಬಂದಿತ್ತು. ಅಂದರೆ ಈ ತಾಯಿಯ ಅಳು ನಿಲ್ಲುತ್ತದೆ. ಆದರೆ ಆಗ ಇವರು ವಿಷ ಇಳಿಯಿತೆಂದು ಇಲ್ಲೇ ಕುಳಿತು ಕಾಯುತ್ತಾರೆ. ಹೋಗು ಎಂದರೆ ಜಗಲಿ, ಬಾ ಎಂದರೆ ಗುಡ್ಡ. ಅಜ್ಜನ ಬಾಯಿಂದ ಯಾವ ಮಾತು ಬಂದರೂ ಭುವನಾ ಬದುಕುವುದಿಲ್ಲ. ಬದುಕಬೇಕಾದರೆ ಮೊದಲು ಅಜ್ಜ ಸಾಯಬೇಕು.

ನಾಗಪ್ಪ ಕಂಬಳಿಯ ತುದಿಗೆ ಬಾಗಿದ. ಸುನೀಲಕುಮಾರ ಫೋನಿನಲ್ಲಿ, ಒಂದ ನಿಮಿಷ ಸರ್, ಒಂದ ನಿಮಿಷ ಎನ್ನುತ್ತಲೇ ಇದ್ದ.

ಗನಿ ಪಕ್ಕದ ಬಂಡೆಯ ಮೇಲೆ ಹತ್ತಿ ನಿಂತ. ಎಡಗೈಯನ್ನು ಕಿವಿಗೆ ಹಚ್ಚಿದ, ಬಲಗೈಯನ್ನು ಗಾಳಿಯಲ್ಲಿ ಎತ್ತಿದ.

"ಯಾರ್ ಬೇಡ್ತೀರಿ ಬೇಡ್ರೀ! ಐರಣಿ ಮುಳ್ಳಗಾಯಿ ಬದನೀ! ತೊಟ್ಟಿನ ಮ್ಯಾಲ ಇಬ್ಬನಿ ಆರಿಲ್ಲರೀ! ನೋಡಿ ಬೇಡ್ರಿ, ಬೇಡಿ ನೋಡಬ್ಯಾಡ್ರೀ! ಸವಾಲ ಒಂದ ಸಲಾ! ಸವಾಲ ಎರಡ ಸಲಾ!"

ಮೊದಲ ಸಾಲು ಒಡೆದು ಬಂತು. ಎರಡನೆಯದಕ್ಕೆ ಗಂಟಲು ಬಿಟ್ಟುಕೊಂಡಿತು. ಮೂರನೆಯದು ಹೊಳೆಯಾಚೆಯ ದಂಡೆಗೆ ಬಡಿದು ಮರಳಿ ಬಂತು. ಪೊದೆಯಿಂದ ಕವುಜುಗಗಳು ಬುರ್ರೆಂದು ಎದ್ದವು.

ಬಾಗಿದ್ದ ನಾಗಪ್ಪ ಬಾಗಿದಂತೆಯೇ ಉಳಿದ. ಮಾರ್ಕೆಟ್ಟಿನ ನೂಕುನುಗ್ಗಲಿನಲ್ಲಿ ಸವಾಲು ಕೂಗುವವನ ಮುಖವನ್ನು ಯಾರು ನೋಡಿರುತ್ತಾರೆ? ಮುಖ ಹೋಗಿ ಎದೆಯುದ್ದ ಗಡ್ಡ ಬಂದಿರಬಹುದು. ಆದರೆ ಆ ಕೂಗನ್ನು ಬದನೆ ಬೆಳೆಯುವ ನಾಗಪ್ಪ ಹಾಸಿಗೆಯಲ್ಲಿ ಕನಸು ಕಾಣುತ್ತಲೂ ಗುರುತಿಸುತ್ತಿದ್ದ.

"ಗನಿಸಾಬ?" ಎಂದ. ದನಿ ನೆಲಕ್ಕಂಟಿತ್ತು. "ನನ್ನ ಬದನಿಕಾಯಿಗೆ ಹುಳುಕ ಐತಿ ಅಂತ ಮಂದಿ ಮುಂದ ಮಾನ ಕಳದ ಗನಿಸಾಬ?"

"ಹುಳುಕ ಇತ್ತು ನಾಗಪ್ಪಣ್ಣ."

"ಒಂದ ಕಾಯಿಗೆ ಇತ್ತಲೇ!"

"ಮ್ಯಾಲಿಂದು ಅದ ಇತ್ತು."

ನಾಗಪ್ಪನ ಮುಖ ಕೆಂಪಗಾಯಿತು. ಕಾಯಿ ಒಡೆದಿದ್ದ, ಸಕ್ಕರೆ ಇಟ್ಟಿದ್ದ, ಈ ಕಾಲಿಗೆ ಹಣೆ ಹಚ್ಚಿದ್ದ. "ಮಂದೀಗೆ ಮಂಕಬೂದಿ ಎರಚ್ಕೋತ ಇಲ್ಲಿ ಕುಂತೀಯೇನಲೇ, ಭಾಡ್ಯಾ," ಎಂದು ಕೈಯೆತ್ತಿಕೊಂಡು ಬಂಡೆಯತ್ತ ನುಗ್ಗಿದ. ಹೊಡೆದರೆ ಹೊಡೆಯಲಿ ಎಂದು ಗನಿ ಕೆಳಗಿಳಿದು ನಿಂತ.

ನಡುವೆ ಬಂದವಳು ಸಿದ್ದವ್ವ. ಅವಳ ಅಳು ಯಾವಾಗ ನಿಂತಿತ್ತೋ. "ಅಣ್ಣಾ, ಬಡಿಯೂದು ಆಮ್ಯಾಲೆ ಬಡಿ. ನಾನೂ ಬಡೀತೇನಿ. ಹೋಗು ಅಂದಾವ ಸಂತೀ ಸಾಬ ಆದ, ದೇವರಲ್ಲ. ಮೊದ್ಲು ಕಂಬಳಿ ಎತ್ತು."

ಕಂಬಳಿಗೆ ಮೂರೇ ಮಂದಿ. ನಾಲ್ಕನೆಯವನು ಇನ್ನೂ ಹೊಳೆಯಲ್ಲಿ ಬಾಟಲಿ ತುಂಬುತ್ತಿದ್ದ. ಯಾರೂ ಕರೆಯದೆ ಗನಿ ನಾಲ್ಕನೆಯ ತುದಿಗೆ ಕೈ ಹಾಕಿದ. ನಾಗಪ್ಪ ಹಲ್ಲು ಕಡಿದ, ಆದರೆ ಬೇಡವೆನ್ನಲಿಲ್ಲ.

ಏರುವುದಕ್ಕಿಂತ ಇಳಿಯುವುದು ಕಷ್ಟ. ಮುಂದಿನವರ ಕಾಲು ಜಾರಿದರೆ ಕಂಬಳಿ ಮಗುಚುತ್ತದೆ. ಆ ದಾರಿಯ ಒಂದೊಂದು ಕಲ್ಲೂ ಗನಿಗೆ ಗೊತ್ತಿತ್ತು. "ಎಡಕ್ಕ ಸರೀರಿ, ಆ ಕಲ್ಲು ಅಳ್ಳಾಡತೈತಿ. ಈಗ ಕುಂತು ಇಳೀರಿ. ಸುನೀಲಪ್ಪಾ, ತಲಿ ಎತ್ತಿ ಹಿಡಿ." ಹೇಳುತ್ತ ಹೇಳುತ್ತ ಇಳಿದ. ಜಾಲಿ ಮುಳ್ಳು ಬರಿಗಾಲಿಗೆ ನಾಟಿತು, ಕೀಳಲು ಹೊತ್ತಿರಲಿಲ್ಲ. ನಡುದಾರಿಯಲ್ಲಿ ಭುವನಾ ಒಮ್ಮೆ ವಾಂತಿ ಮಾಡಿಕೊಂಡಳು. ಅದರಲ್ಲಿ ಕೆಂಪಿತ್ತು. ಆಮೇಲೆ ಅವಳ ತಲೆ ಗಂಡನ ತೋಳಿನ ಮೇಲೆ ಸಡಿಲಾಗಿ ಹೊರಳಾಡತೊಡಗಿತು. ಸುನೀಲಕುಮಾರ, "ಭುವನಾ, ಏ ಭುವನಾ," ಎನ್ನುತ್ತಲೇ ಇದ್ದ, ಉತ್ತರ ಬರಲಿಲ್ಲ. ಗನಿ ಮೇಲಿನಿಂದಲೇ ಎದೆ ತುಂಬ ಉಸಿರೆಳೆದು ಕೂಗಿದ: "ಗಾಡೀಯವ್ರ, ಸ್ಟ್ರೆಚರ್ ತಗೊಂಡ ಇತ್ತಾಗ ಬರ್ರೀ!" ಬೇವಿನಮರದ ಕೆಳಗಿನಿಂದ ಬಿಳಿ ಅಂಗಿಯ ಇಬ್ಬರು ಓಡಿ ಬರುವುದು ಕಂಡಿತು.

ರಾಣೆಬೆನ್ನೂರಿನ ದವಾಖಾನೆಯಲ್ಲಿ ಅವಳನ್ನು ಒಳಗೊಯ್ದು ಬಾಗಿಲು ಹಾಕಿಕೊಂಡರು. ಇಂಜೆಕ್ಷನ್ ಬಾಟಲಿಗಳು ಒಳಗೆ ಹೋದವು, ಮತ್ತೆ ಹೋದವು. ಸಂಜೆಗೆ ಡಾಕ್ಟರು ಹೊರಗೆ ಬಂದು, ಕಿಡ್ನಿ ಕೆಲಸ ಮಾಡುತ್ತದೋ ಇಲ್ಲವೋ ನಾಳೆ ಬೆಳಗಿಗೆ ತಿಳಿಯುತ್ತದೆ, ಅಲ್ಲಿತನಕ ಏನೂ ಹೇಳಲಾರೆ ಎಂದರು. ಸಿದ್ದವ್ವ ಗೋಡೆಗೊರಗಿ ಕುಳಿತಳು. ಗನಿ ಅವಳಿಂದ ಸ್ವಲ್ಪ ದೂರ ಕುಳಿತ. ಅವನಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಆ ಮಾತನ್ನು ಈಗ ಯಾರೂ ಬಾಯಿಗೆ ತರುವಂತಿರಲಿಲ್ಲ. ಸುನೀಲಕುಮಾರ ತಾನಾಗಿಯೇ ಫೋನು ಮುಂದೆ ಚಾಚಿದ, "ಮನ್ಯಾಗ ಯಾರಿಗರ ಹೇಳೂದಿದ್ರ ಹೇಳ್ರಿ," ಎಂದ. ಮಗಳ ನಂಬರು ಗನಿಗೆ ಬಾಯಿಪಾಠವಿತ್ತು. ಆಯಿಶಾ ಹಲೋ ಎಂದಳು. "ನಾನವ್ವ, ನಿಮ್ಮಪ್ಪ," ಎಂದ. ಆ ಕಡೆಯಿಂದ ಬಹಳ ಹೊತ್ತು ಒಂದು ಸದ್ದೂ ಬರಲಿಲ್ಲ. ಅವಳ ಆ ಮೌನವನ್ನು ಕೇಳುತ್ತ ಅವನು ಫೋನನ್ನು ಕಿವಿಗೊತ್ತಿಕೊಂಡೇ ಕುಳಿತ.

ಬೆಳಿಗ್ಗೆ ಮೂತ್ರ ಸರಿಯಾಗಿ ಹೋಗುತ್ತಿದೆ ಎಂದು ನರ್ಸಮ್ಮ ಹೇಳಿದಾಗ ಸಿದ್ದವ್ವ ಅಲ್ಲೇ ನೆಲಕ್ಕೆ ಹಣೆ ಹಚ್ಚಿದಳು. ಗನಿಯೂ ಹಚ್ಚಿದ. ಅವರವರ ದಿಕ್ಕು ಬೇರೆ ಇತ್ತು, ನೆಲ ಒಂದೇ.

ನಾಗಪ್ಪ ಎರಡು ಗ್ಲಾಸು ಚಹಾ ತಂದ. ಒಂದನ್ನು ಗನಿಯ ಮುಂದೆ ಕುಕ್ಕಿದ. "ಕುಡಿ. ಬಡಿಯೂದು ಉಳದೈತಿ, ಮರ್ತಿಲ್ಲ ನಾ."

"ಹೂಂ ಅಣ್ಣ."

"ಊರಾಗ ಆಗಲೇ ಸುದ್ದಿ ಬ್ಯಾರೆ ಆಗೇತಿ. ಅಜ್ಜಾರು ಮೌನ ಮುರದು ತಾವ ಹೊತ್ಕೊಂಡು ಇಳದ್ರು, ಅದಕ್ಕ ಉಳದಳು ಅಂತ. ಇವ ಸವಾಲ ಕೂಗೂ ಗನ್ಯಾ ಅಂದ್ರ ನನಗ ಹುಚ್ಚ ಅಂತಾರ. ಇನ್ನ ನಿನ್ನ ಗುಡ್ಡಕ್ಕ ಗಾಡಿ ಮ್ಯಾಲ ಗಾಡಿ ಬರತಾವು."

"ಬರಲಿ. ಬಂದಾವ್ರಿಗೆಲ್ಲ ಬಾಯಿಲೆ ಹೇಳ್ತೇನಿ. ಬ್ಯಾನಿ ಇದ್ದಾವ್ರನ್ನ ಗಾಡಿ ಹತ್ತಿಸಿ ಕಳಸ್ತೇನಿ."

"ದಿನಾ ಹೇಳ್ಬೇಕಾಗತೈತಿ. ನಂಬಂಗಿಲ್ಲ ಮಂದಿ."

"ದಿನಾ ಹೇಳ್ತೇನಿ."

"ಹಂಗಾರ ಒಬ್ಬನ ಇರೂದು ಮುಗೀತು ಬಿಡು."

ಗನಿ ಗ್ಲಾಸು ಎತ್ತಿಕೊಂಡ. ಒರತೆಯ ಬಳಿಯ ಕಲ್ಲು ಕಣ್ಣ ಮುಂದೆ ಬಂತು, ಬೆಳಗಿನ ಮೊದಲ ಬಿಸಿಲು ಅದರ ಮೇಲೆ ಬೀಳುವ ಹೊತ್ತು, ಆ ಹೊತ್ತಿನ ನಿಶ್ಶಬ್ದ. ದೇವರು ಒಬ್ಬನಿಗೇ ಎಂದು ಅಷ್ಟನ್ನು ಕೊಟ್ಟಿದ್ದು ಹೆಚ್ಚಾಯಿತೇನೋ. ಚಹಾ ಕುಡಿಯುವಷ್ಟು ಹೊತ್ತು ಅದಕ್ಕಾಗಿ ಎದೆ ನೊಂದಿತು. ನೋಯಲಿ ಎಂದು ಬಿಟ್ಟ.

ಒಬ್ಬರು ಮಾತ್ರ ಪೇಷಂಟಿನ ಹತ್ತಿರ ಇರಬಹುದು ಎಂದು ನರ್ಸಮ್ಮ ಹೇಳಿದಳು. ಸುನೀಲಕುಮಾರ, ನಾಗಪ್ಪ ಔಷಧಿ ತರಲು ಹೋಗಿದ್ದರು. ಸಿದ್ದವ್ವ ಮುಖ ತೊಳೆದು ಬರುವವರೆಗೆ ಗನಿ ಒಳಗೆ ಹೋಗಿ ಮಂಚದ ಬದಿಯ ಸ್ಟೂಲಿನ ಮೇಲೆ ಕುಳಿತ. ಭುವನಾ ಕಣ್ಣು ತೆರೆದಿದ್ದಳು. ಮುಖ ಊದಿತ್ತು. ಗಡ್ಡದ ಮುದುಕನನ್ನು ಗುರುತಿಸಿದಳೋ ಇಲ್ಲವೋ.

"ನಮ್ಮತ್ತಿ?"

"ಹೊರಗ ಅದಾಳವ್ವ. ಈಗ ಬರತಾಳ."

ಅವಳು ಮೇಲಿನ ಫ್ಯಾನನ್ನು ನೋಡಿದಳು, ಕೈಗೆ ಚುಚ್ಚಿದ ಸೂಜಿಯನ್ನು ನೋಡಿದಳು. ಅವನು ತನ್ನ ರೂಢಿಯಂತೆ ಸುಮ್ಮನೆ ಕುಳಿತಿದ್ದ. ಅವಳ ಬೆರಳುಗಳು ಚಾದರವನ್ನು ಹಿಡಿದು ಬಿಡುತ್ತಿದ್ದವು.

"ಏನರ ಮಾತಾಡ್ರಿ," ಎಂದಳು. "ಸುಮ್ನಿದ್ರ ಅಂಜಿಕಿ ಬರತೈತಿ. ಕಣ್ಣು ಮುಚ್ಚಿದ್ರ ಮತ್ತ ತಗಿಯಾಕ ಆಗಂಗಿಲ್ಲೇನೋ ಅನಸತೈತಿ."

ಅವನಿಗೆ ದರ ಏರಿಸುವುದು ಗೊತ್ತಿತ್ತು, ಸುಮ್ಮನಿರುವುದು ಗೊತ್ತಿತ್ತು. ಇವೆರಡರ ನಡುವಿನದನ್ನು ಎಲ್ಲಿಂದ ಹಿಡಿಯಬೇಕು? ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡ.

"ನಸಿಕಿನ್ಯಾಗ ಹೊಳಿಗೆ ನೀರನಾಯಿ ಬರತಾವವ್ವ," ಎಂದ. "ನೀ ನೋಡೀಯೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬೆಕ್ಕಿಗಿಂತ ದೊಡ್ಡವು. ಮೈಯೆಲ್ಲ ಎಣ್ಣಿ ಹಚ್ಚಿದಂಗ. ಮೊದ್ಲು ಒಂದ ಬಂದು ಕಲ್ಲ ಮ್ಯಾಲ ನಿಂದರತೈತಿ. ಆಕಡೆ ಈಕಡೆ ನೋಡತೈತಿ. ಆಮ್ಯಾಲೆ ಸಣ್ಣಗ ಒಂದ ಸಿಳ್ಳ ಹಾಕತೈತಿ."

"ಯಾಕ?"

"ತಡಿ, ಹೇಳ್ತೇನಿ," ಎಂದು ಅವನು ಗಂಟಲು ಸರಿಮಾಡಿಕೊಂಡ.